ಆಳುಗಳಿಗೂ ಒಂದು ಗುಟುಕು

"ಮಾರಿಬಿಟ್ರಿ! ನನ್ನ ಹುಳಗಳನ್ನ ಮಾರ್ಕೊಂಡು ತಿಂದ್ರಿ ಮೇಷ್ಟ್ರೇ! ಇಲ್ಲ ಅನ್ನಿ ನೋಡೋಣ!"

ಯೆಸೇನಿಯಾ ಕಾಲಿಸಾಯಾ ಮೇಜಿಗೆ ಗುದ್ದಿದ ರಭಸಕ್ಕೆ ಆಪಿಯ ಲೋಟ ಮಗುಚಿತು. ಜೋಳದ ಆ ನೇರಳೆ ಗಂಜಿ ಹಬೆಯಾಡುತ್ತ ಮೇಜಿನುದ್ದ ಹರಿದು ಇಂಜಿನಿಯರ್ ತಾಬೊರ್ಗಾನ ತೊಡೆಯ ಮೇಲೆ ಸುರಿಯಿತು. ಅವನು ಚೇಳು ಕಡಿದವನಂತೆ ಹಾರಿ ಎದ್ದ.

"ಇದು ಸಭೆನೋ ಸಂತೆನೋ?"

"ಸಂತೇನೇ! ಮಾರಾಟ ಆಗಿದೆಯಲ್ಲ!" ಎಂದಳು ಅವಳು, ಅವನ ಕಡೆ ತಿರುಗಿಯೂ ನೋಡದೆ. ಅವಳ ಕಣ್ಣು ಮೇಜಿನ ಆ ತುದಿಯಲ್ಲಿ ಕೂತಿದ್ದ ಮುದುಕರ ಮೇಲೇ ಇತ್ತು.

ಮೇಷ್ಟ್ರು ಹಿಲಾರಿಯೊ ಅರಾಂಡಿಯಾ ಹ್ಯಾಟನ್ನು ತೆಗೆದು ಪಕ್ಕದ ಕುರ್ಚಿಯ ಮೇಲಿಟ್ಟಿದ್ದರು. ಜೇಬಿನಿಂದ ಕರವಸ್ತ್ರ ತೆಗೆದು, ಚೆಲ್ಲಿದ ಗಂಜಿಯನ್ನು ನಿಧಾನವಾಗಿ ಒರೆಸತೊಡಗಿದರು. ಬೈಸಿಕೊಳ್ಳುತ್ತಿರುವವನು ತಾನಲ್ಲ ಎನ್ನುವ ಹಾಗೆ.

"ಕೂತ್ಕೊಳಮ್ಮ. ಗಂಟಲು ಕೆಡಿಸ್ಕೋಬೇಡ."

"ಕೂರಲ್ಲ. ಫ್ರೀಜರಿನ ಬೀಗದ ಕೈ ಇರೋದು ಇಬ್ಬರ ಹತ್ರ. ಒಂದು ನನ್ನ ಕೊರಳಲ್ಲಿ ನೇತಾಡ್ತಿದೆ. ಇನ್ನೊಂದು ನಿಮ್ಮ ಜೇಬಲ್ಲಿದೆ. ಬೀಜದ ಶೀಶೆಗಳಿಗೆ ರೆಕ್ಕೆ ಬಂತಾ?"

ಮೇಷ್ಟ್ರು ಒರೆಸುತ್ತಲೇ ಇದ್ದರು.

ಕಿಟಕಿಗೆ ಬೆನ್ನು ಕೊಟ್ಟು ನಿಂತಿದ್ದ ಸೆವೆರೊ ಕಾನಾವಿರಿ ಕೋಕಾ ಎಲೆಯನ್ನು ಕೆನ್ನೆಯ ಈ ಕಡೆಯಿಂದ ಆ ಕಡೆಗೆ ತಳ್ಳಿದ. ಅವನು ಒರೂರೊ ಪಟ್ಟಣದ ಪೊಲೀಸು ಇಲಾಖೆಯಲ್ಲಿ ಇದ್ದವನು. ಮೇಲಧಿಕಾರಿಯ ಕೆನ್ನೆಗೆ ಬಾರಿಸಿ ಹೊರಗೆ ಬಂದ ಮೇಲೆ ಸ್ವಂತದ ಪತ್ತೇದಾರಿ ಹಿಡಿದಿದ್ದ. ಅವನ ಕೋಪ ಊರಿಗೆಲ್ಲ ಗೊತ್ತು. ಆದರೆ ಬೇರೆಯವರು ಜಗಳ ಆಡುವಾಗ ಮಾತ್ರ ಅವನು ಬೆಕ್ಕಿನಷ್ಟು ಸುಮ್ಮನಿರುತ್ತಿದ್ದ. ಜಗಳದಲ್ಲಿ ಜನ ಬೇಡದ್ದನ್ನು ಹತ್ತು ಹೇಳಿದರೆ ಬೇಕಾದ್ದನ್ನು ಒಂದಾದರೂ ಹೇಳುತ್ತಾರೆ ಎಂಬುದು ಅವನ ಅನುಭವ.

ಕಾರ್ನಿವಲ್ ಮಂಗಳವಾರ ಕಳೆದು ಬೆಳಗಾಗುವಷ್ಟರಲ್ಲಿ ವಿಲ ಕೋಯ ಗಣಿಯ ಟ್ಯಾಂಕಿನಲ್ಲಿದ್ದ ಹುಳಗಳೆಲ್ಲ ಸತ್ತಿದ್ದವು, ಸಂಶೋಧನಾ ಸಂಸ್ಥೆಯ ಫ್ರೀಜರಿನಲ್ಲಿದ್ದ ಬೀಜದ ಪೆಟ್ಟಿಗೆ ಮಾಯವಾಗಿತ್ತು.

ಹುಳ ಎಂದರೆ ಕಣ್ಣಿಗೆ ಕಾಣುವ ಹುಳವಲ್ಲ. ಕಲ್ಲಿನೊಳಗಿನ ಗಂಧಕವನ್ನೂ ಕಬ್ಬಿಣವನ್ನೂ ತಿಂದು, ಅದರಲ್ಲಿ ಹುದುಗಿದ ತಾಮ್ರವನ್ನು ನೀರಿಗೆ ಬಿಟ್ಟುಕೊಡುವ ಸೂಕ್ಷ್ಮಜೀವಿ. ಪಾಳುಬಿದ್ದ ಒಂದು ಸುರಂಗದ ಕೆಂಪು ನೀರಿನಲ್ಲಿ ಯೆಸೇನಿಯಾ ಅದನ್ನು ಕಂಡುಹಿಡಿದಿದ್ದಳು. ಎತ್ತರದ ಈ ಚಳಿಯಲ್ಲೂ ಮೈಮುರಿದು ದುಡಿಯುವ ಜಾತಿ ಅದು. ಆ ಸುರಂಗಕ್ಕೆ ಈಗ ಕಾಂಕ್ರೀಟು ತುಂಬಿದ್ದಾರೆ. ಟ್ಯಾಂಕಿನಲ್ಲಿದ್ದದ್ದು ಸತ್ತಿತು. ಇನ್ನು ಲೋಕದಲ್ಲಿ ಆ ಜಾತಿ ಉಳಿದಿದ್ದರೆ ಕಳೆದುಹೋದ ಪೆಟ್ಟಿಗೆಯ ಶೀಶೆಗಳಲ್ಲಿ ಮಾತ್ರ.

ಶೀಶೆ ಸಿಕ್ಕರೆ ಮತ್ತೆ ಬೆಳೆಸಬಹುದು. ಸಿಗದಿದ್ದರೆ ಯೆಸೇನಿಯಾಳ ಪುಟ್ಟ ಸ್ಟಾರ್ಟಪ್ಪು ಇವತ್ತು ಸಂಜೆಗೆ ಮುಗಿಯಿತು. ಗಣಿಯವರು ಅಷ್ಟೇ ಗಡುವು ಕೊಟ್ಟಿದ್ದರು.

"ಕಾನಾವಿರಿಯವರೇ," ಎಂದ ತಾಬೊರ್ಗಾ, ಪ್ಯಾಂಟಿಗಂಟಿದ ಗಂಜಿಯನ್ನು ಬೆರಳಿನಿಂದ ಸಿಡಿಸುತ್ತ. ಅವನು ವಿಲ ಕೋಯ ಗಣಿಯ ಹೊಸ ಯೋಜನೆಗಳ ಮುಖ್ಯಸ್ಥ. ನುಣ್ಣಗೆ ಬೋಳಿಸಿದ ಮುಖ, ಲಾ ಪಾಜ್‌ನಲ್ಲಿ ಹೊಲಿಸಿದ ಕೋಟು. "ನಿಮ್ಮನ್ನ ಕರೆಸಿದ್ದು ಜಗಳ ನೋಡೋಕಲ್ಲ. ಸರಕು ಯಾರ ಕೈಯಲ್ಲಿ ಹಾಳಾಯ್ತು ಅನ್ನೋದನ್ನ ಹೇಳಿ. ಸ್ಟಾರ್ಟಪ್ಪಿನವರ ತಪ್ಪಾದ್ರೆ ನಾವು ಕೈ ತೊಳ್ಕೋತೀವಿ. ಸಂಸ್ಥೆಯವರ ತಪ್ಪಾದ್ರೂ ಅಷ್ಟೇ."

"ಗಣಿಯವರ ತಪ್ಪಾದ್ರೆ?" ಎಂದು ಕೇಳಿದ ಕಾನಾವಿರಿ.

"ಆಗಲ್ಲ."

"ಎಷ್ಟು ಖಾತ್ರಿ ನೋಡಿ! ನಿಮ್ಮ ಬೇಲಿಯೊಳಗೆ, ನಿಮ್ಮ ಕಾವಲುಗಾರನ ಮೂಗಿನ ಕೆಳಗೆ ಟ್ಯಾಂಕಿನ ಮುಚ್ಚಳ ಯಾರೋ ತೆಗೆದಿದ್ದಾರೆ. ಬಾಯಿ ಮುಚ್ಕೊಂಡು ಕೂತ್ಕೊಳ್ಳಿ ಇಂಜಿನಿಯರೇ. ನಿಮ್ಮ ಸರದೀನೂ ಬರುತ್ತೆ."

ತಾಬೊರ್ಗಾ ಕೂತ.

ಕಾನಾವಿರಿಗೆ ಬೆಳಗ್ಗೆಯಿಂದ ಒಂದು ವಿಷಯ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಸತ್ತ ಹುಳಗಳಿಗೆ ಈ ಮೂವರೂ ಮೂರು ಹೆಸರಿಟ್ಟಿದ್ದರು. ತಾಬೊರ್ಗಾನ ಬಾಯಲ್ಲಿ ಅದು ಸರಕು. ಯೆಸೇನಿಯಾ ಹುಳ ಎನ್ನುತ್ತಿದ್ದಳು, ಮನೆಯಲ್ಲಿ ಸಾಕಿದ ಪ್ರಾಣಿಯ ಬಗ್ಗೆ ಹೇಳುವ ಹಾಗೆ. ಮೇಷ್ಟ್ರು ಮಾತ್ರ ಬೇರೆ.

"ಪಾಪ, ನಮ್ಮ ಆಳುಗಳು," ಎಂದಿದ್ದರು ಅವರು ಬೆಳಗ್ಗೆ, ಸಂಸ್ಥೆಯ ಮೆಟ್ಟಿಲು ಹತ್ತುತ್ತ. "ಹಗಲೂ ರಾತ್ರಿ ದುಡೀತಿದ್ವು ಕಣಯ್ಯ. ಒಂದು ದಿನ ರಜೆ ಕೇಳಲಿಲ್ಲ, ಸಂಘ ಕಟ್ಟಲಿಲ್ಲ."

ನಕ್ಕಿದ್ದರು. ಕಾನಾವಿರಿಯೂ ನಕ್ಕಿದ್ದ. ಆಮೇಲೆ ಮೆಟ್ಟಿಲ ಮೇಲೇ ಅವನ ನಗು ನಿಂತಿತ್ತು.

ಗಣಿ ಕೆಲಸದವರ ಮನೆಯಲ್ಲಿ ಹುಟ್ಟಿದವರು ಮೇಷ್ಟ್ರು. ಊರ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವರು. ಯೆಸೇನಿಯಾಳೂ ಅವರ ಮುಂದೆಯೇ ಬಳಪ ಹಿಡಿದು ನಿಂತವಳು. ನಂತರ ಸಂಶೋಧನಾ ಸಂಸ್ಥೆಯಲ್ಲಿ ಕಂಪನಿಗಳನ್ನೂ ಲ್ಯಾಬುಗಳನ್ನೂ ಜೋಡಿಸುವ ಕಚೇರಿಗೆ ಬಂದರು. ಹುಳುವಿನ ಶಾಸ್ತ್ರ ಅವರಿಗೆ ಒಂದಕ್ಷರ ಬರುತ್ತಿರಲಿಲ್ಲ. ಮನುಷ್ಯರ ಶಾಸ್ತ್ರ ಬರುತ್ತಿತ್ತು.

ಗಣಿಯವರ ಹತ್ತಿರ ಬೆಟ್ಟದಷ್ಟು ತ್ಯಾಜ್ಯದ ಮಣ್ಣಿತ್ತು, ಅದರಿಂದ ತಾಮ್ರ ತೆಗೆಯುವ ದಾರಿ ಇರಲಿಲ್ಲ. ಸಂಸ್ಥೆಯ ಹತ್ತಿರ ಲ್ಯಾಬಿತ್ತು, ದೊಡ್ಡ ಹೆಸರಿತ್ತು, ಮಾಡಲು ಕೆಲಸವಿರಲಿಲ್ಲ. ಯೆಸೇನಿಯಾಳ ಹತ್ತಿರ ಹುಳ ಇತ್ತು, ಅದನ್ನು ಇಡಲು ಅಮ್ಮನ ಅಡುಗೆಮನೆಯ ಬಕೀಟು ಬಿಟ್ಟರೆ ಬೇರೆ ಜಾಗವಿರಲಿಲ್ಲ. ಈ ಮೂವರನ್ನೂ ಕಾಡಿ, ಬೇಡಿ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಸಿಹಿ ಮಾಡಿ ಹೇಳಿ, ಒಂದೇ ಮೇಜಿಗೆ ತಂದು ಕೂರಿಸಿದವರು ಮೇಷ್ಟ್ರು. ಊರಿನವರು ಅವರನ್ನು ಮದುವೆ ದಲ್ಲಾಳಿ ಎಂದು ಆಡಿಕೊಂಡರು. ಅವರು ಅದಕ್ಕೂ ನಕ್ಕರು.

ಇವತ್ತು ಅದೇ ಮೇಜು.

"ನಾನೊಂದು ವಸ್ತು ತೋರಿಸ್ತೀನಿ," ಎಂದ ಕಾನಾವಿರಿ.

ಕೋಟಿನ ಒಳಜೇಬಿನಿಂದ ಮಡಿಸಿದ ಬಟ್ಟೆಯನ್ನು ತೆಗೆದು ಮೇಜಿನ ನಡುವೆ ಇಟ್ಟ. ತಕ್ಷಣ ಬಿಚ್ಚಲಿಲ್ಲ. ಮೂವರ ಮುಖವನ್ನೂ ಒಂದು ಸುತ್ತು ನೋಡಿದ. ಅವನಿಗೆ ಆ ಗಳಿಗೆ ಇಷ್ಟ. ಇಪ್ಪತ್ತು ವರ್ಷ ಅದೇ ಗಳಿಗೆಗಾಗಿ ಊಟ ಬಿಟ್ಟು ಅಲೆದವನು. ಇವತ್ತೂ ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಆಮೇಲೆ ಅವನು ಎಷ್ಟೋ ಸಲ ಆ ಬಟ್ಟೆಯನ್ನು ನೆನೆಸಿಕೊಂಡ. ಅದನ್ನು ಮೆಟ್ಟಿಲ ಮೇಲೇ ಬಿಚ್ಚಬಹುದಿತ್ತು. ಇಬ್ಬರೇ ಇದ್ದರು. 'ಮೇಷ್ಟ್ರೇ, ಇದೇನು?' ಎಂದು ಕೇಳಿದ್ದರೆ ಸಾಕಿತ್ತು.

ಬಟ್ಟೆ ಬಿಚ್ಚಿದ. ಒಳಗೆ ಸಕ್ಕರೆಯ ಬಿಲ್ಲೆ. ಅರ್ಧ ಕರಗಿ, ಅಂಚು ಸವೆದು, ಹಳದಿಗೆ ತಿರುಗಿತ್ತು. ಅದರ ಮೇಲಿನ ಅಚ್ಚು ಮಾತ್ರ ಇನ್ನೂ ಕಾಣುತ್ತಿತ್ತು. ಒಂದನ್ನೊಂದು ಹಿಡಿದ ಎರಡು ಕೈಗಳು.

ಬಿಲ್ಲೆಯ ಅಂಚಿಗೆ ಅಂಟಿಕೊಂಡು ಎರಡು ಚೂರು ಬಣ್ಣದ ಕಾಗದ.

"ಟ್ಯಾಂಕಿನ ಹೊರಕೊಳವೆಯ ಜಾಲರಿಯಲ್ಲಿ ಸಿಕ್ಕಿಕೊಂಡಿತ್ತು," ಎಂದ.

"ಕಾರ್ನಿವಲ್ಲಿನಲ್ಲಿ ಕಾಗದದ ಚೂರು ಇಡೀ ಒರೂರೊ ತುಂಬ ಹಾರ್ತವೆ," ಎಂದ ತಾಬೊರ್ಗಾ. "ನನ್ನ ಹಲ್ಲಿನ ಸಂದಿಯಲ್ಲೂ ಇನ್ನೂ ಇದೆ."

"ಕಾಗದ ಹಾರುತ್ತೆ ಇಂಜಿನಿಯರೇ. ಸಕ್ಕರೆ ಬಿಲ್ಲೆ ಹಾರುತ್ತಾ? ಬೋಲ್ಟು ಬಿಗಿದ ಮುಚ್ಚಳ ತಾನೇ ಎದ್ದು ಬಾಯಿ ತೆಗೆಯುತ್ತಾ?"

ಯೆಸೇನಿಯಾ ಬಗ್ಗಿ ಬಿಲ್ಲೆಯನ್ನು ನೋಡಿದಳು. ಅವಳ ಮುಖದ ರಕ್ತವೆಲ್ಲ ಇಳಿಯಿತು. ಕಾನಾವಿರಿ ಏನನ್ನು ಹೇಳಲು ಹೊರಟಿದ್ದಾನೆ ಎಂಬುದು ಅವಳಿಗೆ ಮೊದಲು ಹೊಳೆಯಿತು.

ಅಂಥ ಬಿಲ್ಲೆ ಯಾವುದಕ್ಕೆ ಎಂದು ಆ ಕೋಣೆಯಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ. ಕಾರ್ನಿವಲ್ ಮಂಗಳವಾರ ಮನೆ, ಅಂಗಡಿ, ಲಾರಿ, ಯಂತ್ರ, ಎಲ್ಲಕ್ಕೂ ಚಾಲ್ಯ ಆಗಬೇಕು. ಭೂಮಿತಾಯಿಗೆ ಮದ್ಯ ಎರೆದು, ಸಿಹಿ ಇಟ್ಟು, ಬಣ್ಣದ ಕಾಗದ ತೂರಬೇಕು. ಮನೆ ಬೇಕಾದವರು ಮನೆಯ ಅಚ್ಚಿನ ಬಿಲ್ಲೆ ಕೊಳ್ಳುತ್ತಾರೆ, ಲಾರಿ ಬೇಕಾದವರು ಲಾರಿಯದು. ಪಾಲುದಾರಿಕೆ ಗಟ್ಟಿಯಾಗಲಿ ಎಂದು ಬೇಡುವವರು ಈ ಕೈಗಳದ್ದು.

"ಇದನ್ನ ಕೊಂಡವರು ಯಾರು?" ಎಂದು ಕೇಳಿದ ಕಾನಾವಿರಿ.

ಉತ್ತರಕ್ಕೆ ಅವನು ಕಾಯಬೇಕಾಗಲಿಲ್ಲ.

"ನಾನೇ ಕಣಯ್ಯ," ಎಂದರು ಮೇಷ್ಟ್ರು.

ಅವರ ಮುಖ ಅರಳಿತ್ತು. ತರಗತಿಯಲ್ಲಿ ಕೊನೆಯ ಬೆಂಚಿನವನು ಸರಿ ಉತ್ತರ ಕೊಟ್ಟಾಗ ಅರಳುವ ಹಾಗೆ.

"ಅದಕ್ಕೇನು ಇಷ್ಟು ಗುಟ್ಟು ಮಾಡ್ತೀಯ? ಕೇಳಿದ್ರೆ ಹೇಳ್ತಿರಲಿಲ್ವಾ? ಚಾಲ್ಯ ಮಾಡಿದ್ದು ನಾನೇ. ಯಾರಾದ್ರೂ ಮಾಡಬೇಕಿತ್ತಲ್ಲ! ಇವಳು ಬೇಡ ಅಂತಾಳೆ, ಲ್ಯಾಬಿನ ಹತ್ರ ಬಿಯರಿನ ವಾಸನೆಯೂ ಕೂಡದು ಅಂತಾಳೆ. ಇಂಜಿನಿಯರಿಗೆ ಪುರುಸೊತ್ತಿಲ್ಲ. ಇಡೀ ಗಣಿಯಲ್ಲಿ ಗಾಡಿ, ಗುದ್ದಲಿ, ನೀರಿನ ಪಂಪು, ಎಲ್ಲಕ್ಕೂ ಆಯ್ತು. ಈ ಟ್ಯಾಂಕು ಒಂದೇ ಅನಾಥ ಮಗು ಥರ ಮೂಲೆಯಲ್ಲಿ ನಿಂತಿತ್ತು."

"ಸುತ್ತ ನೆಲಕ್ಕೆ ಎರೆದ್ರಿ," ಎಂದ ಕಾನಾವಿರಿ. "ನಾಲ್ಕು ಮೂಲೆಗೂ ಎರೆದ್ರಿ. ಆಮೇಲೆ?"

"ಆಮೇಲೆ ಅವಕ್ಕೆ."

"ಯಾವಕ್ಕೆ?"

"ಆಳುಗಳಿಗೆ ಕಣೋ! ಎಲ್ಲರೂ ಕುಡೀತಿದ್ದಾರೆ, ದುಡಿಯೋ ಅವುಗಳಿಗೆ ಒಂದು ಗುಟುಕು ಬೇಡ್ವಾ? ನಮ್ಮಪ್ಪ ಸುರಂಗಕ್ಕೆ ಇಳಿಯುವಾಗ ಕೊನೇ ಕೂಲಿಯವನಿಗೂ ಕೊಡದೆ ತಾನು ಬಾಯಿಗೆ ಇಡ್ತಿರಲಿಲ್ಲ." ಮೇಷ್ಟ್ರು ನಕ್ಕರು. "ಸ್ಪ್ಯಾನರು ಕಾವಲುಗಾರನದು. ಅವನು ಹಿಡ್ಕೊಂಡ, ನಾನು ಸುರಿದೆ. ಮೊದಲು ಒಂದು ಬಾಟ್ಲಿ ಅಂದ್ಕೊಂಡೆ. ಆಮೇಲೆ ಯೋಚನೆ ಬಂತು. ಅವು ಕೋಟಿಗಟ್ಟಲೆ ಇವೆ ಅಂತ ನೀನೇ ಹೇಳಿದ್ದೆಯಲ್ಲಮ್ಮ? ಕೋಟಿ ಆಳಿಗೆ ಒಂದು ಬಾಟ್ಲಿ ಎಲ್ಲಿ ಸಾಲುತ್ತೆ? ಜಿಪುಣ ಅನ್ನಿಸ್ಕೋಬಾರದು ಅಂತ ಬಿಯರು ಕೇಸು ಕೇಸು, ಸಿಹಿ ವೈನು, ತಟ್ಟೆ ತುಂಬ ಸಕ್ಕರೆ…"

ಮಾತು ನಿಧಾನವಾಯಿತು. ಯೆಸೇನಿಯಾಳ ಮುಖ ಅವರ ಕಣ್ಣಿಗೆ ಬಿದ್ದಿತ್ತು.

"ಏನಮ್ಮ?"

ಅವಳು ಕುರ್ಚಿ ಎಳೆದು ಕೂತಳು. ಬೆಳಗ್ಗೆಯಿಂದ ಮೊದಲ ಸಲ.

"ಮೇಷ್ಟ್ರೇ." ಅವಳ ದನಿ ಸಣ್ಣಗಾಗಿತ್ತು. "ಅವು ನಮ್ಮ ಥರ ಅಲ್ಲ ಮೇಷ್ಟ್ರೇ. ಅವಕ್ಕೆ ಕಲ್ಲೇ ಊಟ. ಸಿಹಿ ಆಗಲ್ಲ. ಸಕ್ಕರೆ, ಮದ್ಯ, ಹಣ್ಣಿನ ರಸ, ನಾವು ತಿನ್ನೋದು ಯಾವುದೂ ಅವಕ್ಕೆ ಆಗಲ್ಲ. ಅದು… ಅದು ಅವಕ್ಕೆ ವಿಷ."

ಹೊರಗೆ ಯಾವುದೋ ಮನೆಯ ಮಾಡಿನಲ್ಲಿ ಸಿಕ್ಕಿಕೊಂಡ ಕಾಗದದ ಮಾಲೆ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು.

ಮೇಷ್ಟ್ರು ಬಿಲ್ಲೆಯನ್ನು ಕೈಗೆ ತೆಗೆದುಕೊಂಡರು. ಅಂಗೈಯಲ್ಲಿಟ್ಟು ನೋಡಿದರು.

"ವಿಷವಾ?" ಎಂದರು.

ಯೆಸೇನಿಯಾ ತಲೆ ತಗ್ಗಿಸಿದಳು.

"ನಾನು ಕೊಂದೆನಾ?"

ನಿನ್ನೆಯೇ ಪಟ್ಟಣದ ಇನ್ನೊಂದು ಲ್ಯಾಬಿನವರು ಟ್ಯಾಂಕಿನ ನೀರು ಪರೀಕ್ಷಿಸಿ ಕಾನಾವಿರಿಗೆ ಇದನ್ನೇ ಹೇಳಿದ್ದರು. ವಿಷ ಹಾಕಿದ ದುಷ್ಟನೊಬ್ಬನನ್ನು ಮನಸ್ಸಿನಲ್ಲೇ ಕಟ್ಟಿಕೊಂಡು ಅವನು ರಾತ್ರಿಯೆಲ್ಲ ಹಲ್ಲು ಕಡಿದಿದ್ದ. ಬೆಳಗ್ಗೆ ಮೆಟ್ಟಿಲ ಮೇಲೆ 'ನಮ್ಮ ಆಳುಗಳು' ಎಂಬ ಮಾತು ಕಿವಿಗೆ ಬಿದ್ದಾಗಲೇ ಆ ದುಷ್ಟ ಆವಿಯಾಗಿ ಹೋಗಿದ್ದ. ಆದರೂ ಬಟ್ಟೆಯನ್ನು ಮೇಜಿನ ಮೇಲೆ, ಎಲ್ಲರ ಮುಂದೆ, ನಾಟಕದ ಪರದೆ ಎತ್ತಿದ ಹಾಗೆ ಎತ್ತಿದ್ದ. ಥೂ, ಎಂದುಕೊಂಡ.

"ಅಲ್ಲಿಗೆ ತೀರ್ಮಾನ ಆಯ್ತು," ಎಂದ ತಾಬೊರ್ಗಾ ಕೋಟು ಸರಿಮಾಡಿಕೊಳ್ಳುತ್ತ. "ಸಂಸ್ಥೆಯ ಮನುಷ್ಯ, ಸಂಸ್ಥೆಯ ತಪ್ಪು. ಒಪ್ಪಂದ ಮುಗೀತು. ನಾನಿನ್ನು ಬರ್ತೀನಿ."

"ಎಲ್ಲಿಗ್ರೀ ಬರ್ತೀರಿ?" ಕಾನಾವಿರಿ ಗದರಿದ. "ಟ್ಯಾಂಕಿನ ವಿಷಯ ಮುಗೀತು. ಪೆಟ್ಟಿಗೆ ವಿಷಯ ಶುರುವೇ ಆಗಿಲ್ಲ. ಮೇಷ್ಟ್ರು ಹುಳ ಕೊಲ್ಲೋಕೆ ಹೋಗಲಿಲ್ಲ, ಹಬ್ಬದೂಟ ಹಾಕೋಕೆ ಹೋದ್ರು. ಹಬ್ಬದೂಟ ಹಾಕೋನು ಬೀಜ ಕದಿಯಲ್ಲ. ಹಾಗಾದ್ರೆ ಶೀಶೆಗಳೆಲ್ಲಿ?"

ಯೆಸೇನಿಯಾ ತಲೆಯೆತ್ತಿದಳು. ಅವಳ ಕಣ್ಣಲ್ಲಿ ಏನೋ ಸಣ್ಣಗೆ ಹೊತ್ತಿಕೊಂಡಿತು.

"ಹೌದಲ್ಲ. ಶೀಶೆ ಇದ್ರೆ ಮತ್ತೆ ಬೆಳೆಸ್ತೀನಿ. ಆರು ತಿಂಗಳು ಸಾಕು ಮೇಷ್ಟ್ರೇ. ಸತ್ತದ್ದು ಸತ್ತಿತು, ಅದು ಬಿಡಿ. ಶೀಶೆ ಎಲ್ಲಿ? ನೀವು ತಗೊಂಡ್ರಾ?"

"ತಗೊಂಡೆ," ಎಂದರು ಮೇಷ್ಟ್ರು.

"ಯಾಕೆ?"

ಮೇಷ್ಟ್ರು ಇಂಜಿನಿಯರನ ಕಡೆ ನೋಡಿದರು. ಅಪ್ಪಣೆ ಕೇಳುವವರ ಹಾಗೆ. ಇಂಜಿನಿಯರ್ ಕಿಟಕಿಯ ಕಡೆ ನೋಡುತ್ತಿದ್ದ.

"ಹೇಳಿಬಿಡ್ತೀನಿ ಇಂಜಿನಿಯರೇ. ಇನ್ನು ಮುಚ್ಚಿಡೋದ್ರಲ್ಲಿ ಅರ್ಥ ಇಲ್ಲ," ಎಂದರು. "ಹಬ್ಬದ ರಜೆಯಲ್ಲಿ ಸಂಸ್ಥೆಯ ಕರೆಂಟು ಹೋಗುತ್ತೆ, ಜನರೇಟರು ಕೆಟ್ಟಿದೆ, ಫ್ರೀಜರು ಬಿಸಿಯಾದ್ರೆ ಬೀಜ ಸಾಯುತ್ತೆ ಅಂದ್ರು ಇವರು. ಗಣಿಯ ಶೀತಪೆಟ್ಟಿಗೇಲಿ ಇಟ್ಟಿರೋಣ ಅಂದ್ರು. ನಾನೇ ಪೆಟ್ಟಿಗೆ ಹೊತ್ಕೊಂಡು ಹೋಗಿ ಇವರ ಕೈಗೆ ಕೊಟ್ಟೆ."

"ನನಗೆ ಹೇಳದೇನೇ!" ಯೆಸೇನಿಯಾ ಮತ್ತೆ ಎದ್ದಳು.

"ನಿನಗೆ ಹೇಳಿದ್ರೆ ಬಿಡ್ತಿದ್ಯಾ? ನೀನು ಯಾರನ್ನ ನಂಬ್ತೀಯ? ಪಾಲುದಾರರು ಅಂದಮೇಲೆ ನಂಬಬೇಕಮ್ಮ. ಯಾರಾದ್ರೂ ಒಬ್ರು ಮೊದಲು ನಂಬಿ ತೋರಿಸ್ಬೇಕು. ಆಮೇಲೆ ಟ್ಯಾಂಕು ಸತ್ತು ತನಿಖೆ ಶುರು ಆಯ್ತು. ಶೀಶೆ ಭದ್ರವಾಗಿದೆ, ತನಿಖೆ ಮುಗಿಯೋವರೆಗೆ ಬಾಯಿ ಬಿಡಬೇಡಿ, ಗಣಿಯ ಹೆಸರು ಬಂದ್ರೆ ದೊಡ್ಡವರು ಒಪ್ಪಂದಾನೇ ಹರೀತಾರೆ ಅಂದ್ರು ಇವರು. ಸುಮ್ನಿದ್ದೆ."

"ನಾನು ನಿಮ್ಮನ್ನ ಕಳ್ಳ ಅಂದ್ರೂ?"

"ಅಂದ್ಕೋ ಅಂತ ಬಿಟ್ಟೆ. ಸಂಜೆಗೆ ಶೀಶೆ ಕೈಗೆ ಬಂದಾಗ ನಿನಗೇ ನಾಚಿಕೆ ಆಗುತ್ತಲ್ಲ, ಆಗ ನಿನ್ನ ರೇಗಿಸೋಣ ಅಂತಿದ್ದೆ."

ಎಲ್ಲರೂ ತಾಬೊರ್ಗಾನನ್ನು ನೋಡಿದರು.

ಅವನು ಕೋಟಿನ ಗುಂಡಿ ಹಾಕಿಕೊಂಡ.

"ಕಥೆ ಚೆನ್ನಾಗಿದೆ," ಎಂದ. "ನಾನು ಯಾವ ಪೆಟ್ಟಿಗೇನೂ ಕಣ್ಣಲ್ಲಿ ನೋಡಿಲ್ಲ."

ಮೇಷ್ಟ್ರಿಗೆ ಅದು ತಕ್ಷಣ ಅರ್ಥವಾಗಲಿಲ್ಲ. ಕಿವಿ ಮಂದವಾದವರ ಹಾಗೆ ಮುಂದಕ್ಕೆ ಬಾಗಿದರು.

"ಏನಂದ್ರಿ?"

"ನೋಡಿಲ್ಲ ಅಂದೆ. ಮುದುಕ್ರಾದ್ರಿ ಡೊನ್ ಹಿಲಾರಿಯೊ. ಹಬ್ಬದಲ್ಲಿ ಸ್ವಲ್ಪ ಜಾಸ್ತಿಯೇ ಏರಿಸಿದ್ರಿ. ಯಾರಿಗೆ ಕೊಟ್ರೋ, ಎಲ್ಲಿ ಬಿಟ್ರೋ."

"ನೀವೇ ಎರಡೂ ಕೈ ಚಾಚಿ ತಗೊಂಡ್ರಲ್ಲ! ತಣ್ಣಗಿದೆ ಅಂತ ಕೋಟಿನ ತೋಳು ಎಳ್ಕೊಂಡು ಹಿಡ್ಕೊಂಡ್ರಲ್ಲ!"

"ನೋಡಿದವರು ಯಾರಿದ್ರು?"

"ನಾವಿಬ್ರೇ ಇದ್ವಿ."

"ಹಾಗಾದ್ರೆ ಒಬ್ರೇ ಇದ್ರಿ ಅಂದ್ಕೊಳ್ಳಿ," ಎಂದ ತಾಬೊರ್ಗಾ.

ಅಷ್ಟು ಸಾಕಾಗಿತ್ತು. ಕಾನಾವಿರಿಯ ನೆತ್ತಿಗೆ ರಕ್ತ ಏರಿತು. ಎರಡೇ ಹೆಜ್ಜೆಗೆ ಮೇಜು ಸುತ್ತಿ ಬಂದು ಇಂಜಿನಿಯರನ ಕೊರಳಪಟ್ಟಿ ಹಿಡಿದ.

"ಯಾರಿಗೆ ಕೊಟ್ಟಿದ್ದೀಯೋ ಬೀಜ? ಯಾವ ಹೊರಗಿನ ಕಂಪನಿಗೋ? ಸತ್ತ ಟ್ಯಾಂಕನ್ನ ನೆಪ ಮಾಡ್ಕೊಂಡು ಇವಳನ್ನ ಒಪ್ಪಂದದಿಂದ ಆಚೆ ಹಾಕಿ, ಅದೇ ಹುಳ ಬೇರೆ ಹೆಸರಲ್ಲಿ ತರೋಣ ಅಂತಾನಾ?"

"ಕೈ ತೆಗಿ! ಪೊಲೀಸು ಕೆಲಸ ಕಳ್ಕೊಂಡದ್ದು ಸಾಲ್ದಾ ನಿನಗೆ?"

"ಅದು ಕೆನ್ನೆಗೆ ಹೊಡೆದದ್ದಕ್ಕೆ ಹೋಯ್ತು. ನಿನಗೆ ಎಲ್ಲಿ ಹೊಡೀಬೇಕು ಅಂತ ಯೋಚಿಸ್ತಿದ್ದೀನಿ!"

ಯೆಸೇನಿಯಾ ಅವನ ತೋಳು ಹಿಡಿದು ಎಳೆಯುತ್ತಿದ್ದಳು. "ಬಿಡಿ ಡೊನ್ ಸೆವೆರೊ, ಬಿಡಿ, ಕೇಸು ಕೆಡುತ್ತೆ!" ಕುರ್ಚಿಯೊಂದು ಉರುಳಿತು. ಆ ಗದ್ದಲದಲ್ಲಿ ಮೇಷ್ಟ್ರು ಎದ್ದು ನಿಂತದ್ದನ್ನು ಯಾರೂ ಗಮನಿಸಲಿಲ್ಲ.

"ಅವರನ್ನ ಬಿಡಪ್ಪ," ಎಂದರು ಬಾಗಿಲ ಹತ್ತಿರದಿಂದ.

ಕಾನಾವಿರಿ ತಿರುಗಿದ.

"ಪೆಟ್ಟಿಗೆ ಎಲ್ಲಿಟ್ರು ಅಂತ ನಾನು ನೋಡಿದ್ದೀನಿ. ನಾನು ಹೊರಟೆ ಅಂತ ಅವರು ಅಂದ್ಕೊಂಡ್ರು. ಬಾಗಿಲ ಹತ್ರ ಷೂ ಲಾಡಿ ಕಟ್ಕೋತಿದ್ದೆ." ಅವರ ಕೈಯಲ್ಲಿ ಇನ್ನೂ ಸಕ್ಕರೆ ಬಿಲ್ಲೆ ಇತ್ತು. ಅದನ್ನು ಜೇಬಿಗೆ ಹಾಕಿಕೊಂಡರು. "ತಂದ್ಕೊಡ್ತೀನಿ. ಯೆಸೇನಿಯಾ, ನೀನಿಲ್ಲೇ ಇರು. ನಾನೇ ಕೊಟ್ಟಿದ್ದು, ನಾನೇ ತರಬೇಕು."

"ನಾನೂ ಬರ್ತೀನಿ ಮೇಷ್ಟ್ರೇ," ಎಂದಳು ಅವಳು.

"ಬೇಡ." ಅವಳ ಮುಖ ನೋಡದೆ ಹೇಳಿದರು. "ಈಗ ನನ್ನ ಜೊತೆ ನಡೀಬೇಡ ಮಗಳೇ. ನಾಚಿಕೆ ಆಗುತ್ತೆ ನನಗೆ."

ಬಾಗಿಲು ಮುಚ್ಚಿತು. ಮೆಟ್ಟಿಲ ಮೇಲೆ ಅವರ ಹೆಜ್ಜೆ ಒಂದೊಂದಾಗಿ ಇಳಿಯುವುದು ಕೇಳಿಸಿತು.

ಆಗ ಕಾನಾವಿರಿ ಹಿಂದೆಯೇ ಓಡಬೇಕಿತ್ತು. ಬುದ್ಧಿ ಇರುವ ಯಾವ ಪತ್ತೇದಾರನಾದರೂ ಓಡುತ್ತಿದ್ದ. ಅವನು ಓಡಲಿಲ್ಲ. ತಾಬೊರ್ಗಾನ ಮುಖಕ್ಕೆ ಮುಖ ಕೊಟ್ಟು, ಎದೆಯಲ್ಲಿ ಕುದಿಯುತ್ತಿದ್ದ ಬೈಗುಳವನ್ನು ಪೂರ್ತಿ ಖಾಲಿ ಮಾಡುತ್ತ ನಿಂತ.

ತಾಬೊರ್ಗಾ ಕೊರಳಪಟ್ಟಿ ಸರಿಮಾಡಿಕೊಂಡು, ಕಿಟಕಿಯ ಹತ್ತಿರ ಹೋಗಿ ಡ್ರೈವರಿಗೆ ಫೋನು ಮಾಡಿದ.

"ಜೀಪಲ್ಲಿ ನನ್ನದೊಂದು ಪ್ಯಾಂಟಿದೆ, ಮೇಲಕ್ಕೆ ತಗೊಂಡು ಬಾ. ಇಲ್ಲಿ ಗಂಜಿ ಅಭಿಷೇಕ ಆಗಿದೆ ನನಗೆ," ಎಂದ.

ಯೆಸೇನಿಯಾಗೂ ಆ ಮಾತಿಗೆ ಸಣ್ಣ ನಗು ಬಂದಿತು. ಬಂದದ್ದಕ್ಕೆ ತುಟಿ ಕಚ್ಚಿಕೊಂಡಳು.

ಆಮೇಲೆ ಕಾದರು.

ಗಣಿ ದೂರವಿರಲಿಲ್ಲ. ಊರಿನ ಅಂಚಿನ ಗುಡ್ಡ ದಾಟಿದರೆ ಅದರ ಬೇಲಿ. ಬಾಡಿಗೆ ಕಾರು ಹಿಡಿದರೆ ಹೋಗಿ ಬರಲು ಹೆಚ್ಚು ಹೊತ್ತು ಬೇಡ. ಆ ಹೊತ್ತು ಕಳೆಯಿತು. ಗಂಜಿಯ ಕಲೆ ಮೇಜಿನ ಮೇಲೆ ಒಣಗಿ ಸಿಪ್ಪೆಯಂತೆ ಎದ್ದಿತು. ಬಿಸಿಲು ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ ಸರಿಯಿತು. ಯೆಸೇನಿಯಾ ಫೋನು ಮಾಡಿದಳು. ಗಂಟೆ ಹೊಡೆಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ಮೂರನೇ ಸಲ ಗಂಟೆಯೂ ಹೊಡೆಯಲಿಲ್ಲ.

"ಹ್ಯಾಟು ಬಿಟ್ಟು ಹೋಗಿದ್ದಾರೆ," ಎಂದಳು.

ಕುರ್ಚಿಯ ಮೇಲೆ ಹ್ಯಾಟು ಹಾಗೇ ಇತ್ತು. ಈ ಬಯಲಿನ ಗಾಳಿ ಬಿಸಿಲಿಗೆ ಆ ವಯಸ್ಸಿನ ಯಾರೂ ಬರಿತಲೆಯಲ್ಲಿ ಬೀದಿಗೆ ಇಳಿಯುವುದಿಲ್ಲ. ಮರೆತರೂ ಮೊದಲ ತಿರುವಿನಿಂದ ವಾಪಸು ಬರುತ್ತಾರೆ.

ಕಾನಾವಿರಿ ತಾಬೊರ್ಗಾನನ್ನು ನೋಡಿದ. ಇಂಜಿನಿಯರ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಪ್ಯಾಂಟಿನ ಮೇಲಿನ ನೇರಳೆ ಕಲೆ ಪೂರ್ತಿ ಒಣಗಿತ್ತು.

ಅದು ಆಗಲೇ ಒಣಗಿತ್ತು. ಫೋನು ಮಾಡುವ ಹೊತ್ತಿಗೇ ಒಣಗಿತ್ತು. ಗಂಜಿ ಬಿದ್ದದ್ದು ಜಗಳದ ಮೊದಲಲ್ಲಿ. ಇವನು ಪ್ಯಾಂಟು ಕೇಳಿದ್ದು ಮೇಷ್ಟ್ರು ಮೆಟ್ಟಿಲು ಇಳಿದ ಮೇಲೆ.

ಮತ್ತೆ, ಪ್ಯಾಂಟು ಇನ್ನೂ ಬಂದಿರಲಿಲ್ಲ. ಹಾಗಾದರೆ ಆ ಫೋನು ಪ್ಯಾಂಟಿಗಲ್ಲ, ಡ್ರೈವರಿನ ಜೊತೆ ಮೊದಲೇ ಮಾತಾಡಿಕೊಂಡ ಸನ್ನೆ.

ಕಾನಾವಿರಿ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು ಬೀದಿಗೆ ಬಿದ್ದ. ಗೇಟಿನ ಪಕ್ಕ ಆಪಿ ಮಾರುವ ದೋನ್ಯಾ ಕಾಸಿಮಿರಾ ತನ್ನ ಬಾಣಲೆಯಲ್ಲಿ ಕರಿಗಡುಬು ಮಗುಚುತ್ತಿದ್ದಳು.

"ಬಾ ನನ್ನ ಗಿರಾಕಿ ದೊರೆ, ಬಿಸಿ ಇದೆ!"

"ಮೇಷ್ಟ್ರು ಹೋದದ್ದು ನೋಡಿದ್ಯಾ?"

"ಅಯ್ಯೋ, ಆಗಲೇ ಹೋದ್ರಲ್ಲ. ಬರಿತಲೇಲಿ! ಮುಖ ನೋಡಿದ್ರೆ ಸಾವಿನ ಮನೆಯಿಂದ ಬಂದಂಗಿತ್ತು. ಆಪಿ ಕುಡೀರಿ ಅಂದೆ, ಕೇಳಿಸ್ಕೊಳ್ಳಲಿಲ್ಲ. ಬಾಡಿಗೆ ಕಾರಿಗೆ ಕೈ ತೋರಿಸ್ತಿದ್ರು. ಅಷ್ಟರಲ್ಲಿ ಇಂಜಿನಿಯರ ಬಿಳೀ ಜೀಪಿನವನು ಬಾಗಿಲು ತೆಗೆದು, ಗಣಿಗೇ ತಾನೇ ಬನ್ನಿ ಮೇಷ್ಟ್ರೇ, ನಾನೂ ಅಲ್ಲಿಗೇ ಅಂದ."

"ಹತ್ತಿದ್ರಾ?"

"ಹತ್ತದೆ ಏನು? ಎರಡು ಸಲ ಥ್ಯಾಂಕ್ಸ್ ಹೇಳಿ ಹತ್ತಿದ್ರು. ಅವರ ಸ್ವಭಾವ ನಿನಗೆ ಗೊತ್ತಿಲ್ವಾ?"

"ಜೀಪು ಗಣಿ ಕಡೆ ಹೋಯ್ತಾ?"

ಅವಳು ಸೌಟನ್ನು ಎತ್ತಿ ತೋರಿಸಿದಳು. ಗುಡ್ಡದ ಕಡೆಗಲ್ಲ. ಅದರ ಎದುರು ದಿಕ್ಕಿಗೆ, ಉಪ್ಪಿನ ಬಯಲಿನ ರಸ್ತೆಯ ಕಡೆಗೆ.

"ನಾನೂ ಅಂದ್ಕೊಂಡೆ, ಇದೇನು ಈ ಕಡೆ ಅಂತ," ಎಂದಳು.

ಅವನು ಮೇಲೆ ಬಂದಾಗ ಉಸಿರು ಕಟ್ಟುತ್ತಿತ್ತು. ತಾಬೊರ್ಗಾ ಕೂತಲ್ಲೇ ಕೂತಿದ್ದ.

"ನಿಮ್ಮ ಜೀಪೆಲ್ಲಿ?"

"ಕೆಳಗಿಲ್ವಾ?" ಎಂದ ಇಂಜಿನಿಯರ್. "ಡ್ರೈವರು ಊಟಕ್ಕೆ ಹೋಗಿರಬೇಕು. ನಾನಂತೂ ಇಲ್ಲೇ ಇದ್ದೀನಪ್ಪ. ಬೆಳಗ್ಗೆಯಿಂದ ನಿಮ್ಮ ಕಣ್ಣ ಮುಂದೇನೇ ಇದ್ದೀನಿ. ನೀವೇ ಸಾಕ್ಷಿ."

ಕಾನಾವಿರಿಯ ಕೈ ಮುಷ್ಟಿಯಾಯಿತು. ಆದರೆ ಈ ಸಲ ಅದು ಮೇಲೇಳಲಿಲ್ಲ. ಯಾರ ಮೇಲೆ ಎತ್ತುವುದು? ಮೇಷ್ಟ್ರನ್ನು ಎಲ್ಲರ ಮುಂದೆ ಬತ್ತಲೆ ಮಾಡಿದ್ದು ಅವನು. ಪೆಟ್ಟಿಗೆಯ ಜಾಗ ಕಂಡ ಒಬ್ಬನೇ ಒಬ್ಬ ಮನುಷ್ಯ ಬರಿತಲೆಯಲ್ಲಿ ಬೀದಿಗಿಳಿಯುವಾಗ ಇನ್ನೊಬ್ಬನ ಕೊರಳಪಟ್ಟಿ ಹಿಡಿದು ಬೈಯುತ್ತ ನಿಂತಿದ್ದೂ ಅವನೇ.

"ಡೊನ್ ಸೆವೆರೊ," ಎಂದಳು ಯೆಸೇನಿಯಾ. ಹ್ಯಾಟು ಅವಳ ಮಡಿಲಲ್ಲಿತ್ತು. "ಮಾರ್ಕೊಂಡು ತಿಂದ್ರಿ ಅಂದೆ ನಾನು. ಅಲ್ವಾ? ಹಾಗೇ ಅಂದೆ."

ಅವನು ಬಗ್ಗಿ, ಉರುಳಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದ.

ಅವಳು ಹ್ಯಾಟನ್ನು ತಿರುಗಿಸಿದಳು. ಪಟ್ಟಿಯ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಬಣ್ಣದ ಕಾಗದದ ಚೂರುಗಳು, ಆ ಮಂಗಳವಾರದವು, ಒಣಗಿದ ಗಂಜಿಯ ಕಲೆಯ ಮೇಲೆ ಉದುರಿದವು. ಒಂದನ್ನೂ ಒರೆಸದೆ ಅವಳು ಬಾಗಿಲ ಕಡೆ ನೋಡುತ್ತ ಕೂತಳು.

ಬಿಸಿಲು ಬಾಗಿಲನ್ನೂ ದಾಟಿ ಹೋಯಿತು. ಮೇಷ್ಟ್ರು ಬರಲಿಲ್ಲ.